ಉಚಿತ ಚಾರ್ಜಿಂಗ್: ಹಗ್ಗ ಯಾವುದು, ಹಾವು ಯಾವುದು?

ಹೊಸಪೇಟೆ: ದಿನವಿಡೀ ಹಂಪಿಯ ಸ್ಮಾರಕಗಳ ಚಿತ್ರ ತೆಗೆದು ಸಂಜೆ ಹೊಸಪೇಟೆಯ ಬಸ್ ಅಥವಾ ರೈಲು ನಿಲ್ದಾಣಕ್ಕೆ ಮರಳುವ ಪ್ರವಾಸಿಗನ ಕಣ್ಣು ಮೊದಲು ಅರಸುವುದು ಗೋಡೆಯ ಮೇಲಿನ ಪ್ಲಗ್ ಪಾಯಿಂಟನ್ನು. ಸಂಡೂರಿನ ಗಣಿ ಕಾರ್ಮಿಕನದ್ದಾಗಲಿ, ಕಂಪ್ಲಿಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯದ್ದಾಗಲಿ ಪರಿಸ್ಥಿತಿ ಬೇರೆಯಲ್ಲ. ಟಿಕೆಟ್, ಗುರುತಿನ ಚೀಟಿ, ಬ್ಯಾಂಕ್ ಖಾತೆ ಎಲ್ಲವೂ ಇಂದು ಅಂಗೈಯೊಳಗಿನ ಮೊಬೈಲಿನಲ್ಲಿವೆ. ಅದು ಸ್ತಬ್ಧವಾದರೆ ಮನುಷ್ಯನೇ ಸ್ತಬ್ಧ. ಈ ಅವಸರದಲ್ಲಿಯೇ ಅಪಾಯ ಅಡಗಿದೆ.

ಭಾರತೀಯ ಸ್ಟೇಟ್ ಬ್ಯಾಂಕ್ 2019ರ ಡಿಸೆಂಬರ್‌ನಲ್ಲಿ, ರಿಸರ್ವ್ ಬ್ಯಾಂಕ್ ತನ್ನ 2022ರ ಕಿರುಹೊತ್ತಿಗೆಯಲ್ಲಿ ‘ಜ್ಯೂಸ್ ಜಾಕಿಂಗ್’ ಎಂಬ ವಂಚನೆಯ ಕುರಿತು ಜನರನ್ನು ಎಚ್ಚರಿಸಿದ್ದವು. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನಲ್ಲಿ ವಿದ್ಯುತ್ತಿಗೆ ಎರಡು, ಮಾಹಿತಿ ಸಾಗಣೆಗೆ ಎರಡು ತಂತಿಗಳಿರುತ್ತವೆ. ಯುಎಸ್‌ಬಿ ಕಿಂಡಿಯ ಹಿಂದೆ ಯಾರಾದರೂ ಪುಟ್ಟ ಕಂಪ್ಯೂಟರ್ ಅಡಗಿಸಿಟ್ಟರೆ ಚಾರ್ಜ್ ಆಗುತ್ತಿರುವಾಗಲೇ ಮಾಹಿತಿಯನ್ನು ಕದಿಯಬಹುದು ಎಂಬುದು ಇದರ ಸಾರ. 2011ರಲ್ಲಿ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ನಡೆದ ಡೆಫ್ ಕಾನ್ ಸಮ್ಮೇಳನದಲ್ಲಿ ತಜ್ಞರು ಇಂಥದೊಂದು ಉಚಿತ ಚಾರ್ಜಿಂಗ್ ಪೆಟ್ಟಿಗೆಯನ್ನು ಪರೀಕ್ಷಾರ್ಥವಾಗಿ ಇರಿಸಿದ್ದರು. ಕಂಪ್ಯೂಟರ್ ಸುರಕ್ಷತೆಯನ್ನೇ ಬಲ್ಲವರು ಸೇರಿದ್ದ ಆ ಕೂಟದಲ್ಲೂ ಕನಿಷ್ಠ 360 ಮಂದಿ ತಮ್ಮ ಫೋನುಗಳನ್ನು ಅದಕ್ಕೆ ಸಿಕ್ಕಿಸಿದ್ದರು!

ಹಾಗೆಂದು ಪ್ರತಿ ಪ್ಲಗ್ಗಿಗೂ ಬೆದರಬೇಕಿಲ್ಲ. 2019ರಲ್ಲಿ ಇದೇ ಎಚ್ಚರಿಕೆ ನೀಡಿದ ಲಾಸ್ ಏಂಜಲೀಸ್ ಕೌಂಟಿಯ ಪ್ರಾಸಿಕ್ಯೂಟರ್ ಕಚೇರಿ, ತನ್ನಲ್ಲಿ ಅಂಥ ಒಂದು ಪ್ರಕರಣವೂ ದಾಖಲಾಗಿಲ್ಲವೆಂದು ಬಳಿಕ ಒಪ್ಪಿಕೊಂಡಿತು. ಈಗಿನ ಫೋನುಗಳು ಅನುಮತಿ ಕೇಳದೆ ಮಾಹಿತಿ ಬಿಟ್ಟುಕೊಡುವುದಿಲ್ಲ. ಆದರೆ ಆ ಅನುಮತಿಯನ್ನು ಚಾರ್ಜರೇ ಗುಟ್ಟಾಗಿ ಕೊಟ್ಟುಕೊಳ್ಳಬಲ್ಲದು ಎಂಬುದನ್ನು ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ತೋರಿಸಿಕೊಟ್ಟರು. ಆಪಲ್, ಗೂಗಲ್ ಸಂಸ್ಥೆಗಳು ಹೊಸ ಆವೃತ್ತಿಗಳಲ್ಲಿ ಇದಕ್ಕೆ ತಡೆ ಒಡ್ಡಿವೆ. ಅಪ್‌ಡೇಟ್ ಸಿಗದ ಹಳೆಯ ಫೋನು ಬಳಸುವವರಿಗೆ ಆ ರಕ್ಷಣೆ ಇಲ್ಲ.

ಇಲ್ಲಿ ಹಗ್ಗ ಯಾವುದು, ಹಾವು ಯಾವುದು ಎಂಬ ವಿವೇಚನೆ ಅಗತ್ಯ. ಕಾಣದ ಕಳ್ಳನಿಗೆ ಅಂಜುವ ನಾವು, ಚಾರ್ಜಿಗಿಟ್ಟ ಫೋನನ್ನು ಬಿಟ್ಟು ಚಹಾ ಕುಡಿಯಲು ಹೋಗುತ್ತೇವೆ. ಅದನ್ನು ಎತ್ತಿಕೊಂಡು ಹೋಗಲು ಯಾವ ತಂತ್ರಜ್ಞಾನವೂ ಬೇಡ. ಮಳೆಗಾಲದಲ್ಲಿ ತೇವಗೊಂಡ ಗೋಡೆ, ಒಡೆದ ಪ್ಲಗ್, ಅಗ್ಗದ ಚಾರ್ಜರ್ ಇವು ಜೀವಕ್ಕೇ ಸಂಚಕಾರ ತರಬಲ್ಲವು. ಬೆಂಕಿ ಅವಘಡದ ಭೀತಿಯಿಂದಲೇ ರೈಲ್ವೆ ಇಲಾಖೆ 2021ರಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ಬೋಗಿಗಳ ಚಾರ್ಜಿಂಗ್ ಪ್ಲಗ್‌ಗಳನ್ನು ಬಂದ್ ಮಾಡುವ ಕ್ರಮಕ್ಕೆ ಮುಂದಾಗಿತ್ತು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಪಯಣಿಸುವವರು ಇದನ್ನು ನೆನಪಿಡುವುದೊಳಿತು.

ಪರಿಹಾರ ಸರಳ. ಯುಎಸ್‌ಬಿ ಕಿಂಡಿಯನ್ನು ಬಿಟ್ಟು, ಗೋಡೆಯ ಸಾಮಾನ್ಯ ಪ್ಲಗ್ಗಿಗೆ ಸ್ವಂತ ಚಾರ್ಜರ್ ಸಿಕ್ಕಿಸಿದರೆ ಆ ದಾರಿಯಲ್ಲಿ ವಿದ್ಯುತ್ತಷ್ಟೇ ಹರಿಯುತ್ತದೆ. ಪವರ್ ಬ್ಯಾಂಕ್ ಜತೆಗಿದ್ದರೆ ಇನ್ನೂ ಲೇಸು. ಯುಎಸ್‌ಬಿ ಅನಿವಾರ್ಯವಾದರೆ ಫೋನನ್ನು ಆಫ್ ಮಾಡಿ ಚಾರ್ಜಿಗಿಡಬೇಕು. ಅಪರಿಚಿತರ ಕೇಬಲ್ ಬಳಸಬಾರದು, ಚಾರ್ಜ್ ಆಗುವಾಗ ಯುಪಿಐ ಪಿನ್ ಒತ್ತಬಾರದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಫೋನೇ ಕಳುವಾದರೆ ಪೊಲೀಸರಿಗೆ ದೂರು ನೀಡಿ, ‘ಸಂಚಾರ ಸಾಥಿ’ ಜಾಲತಾಣದ ಮೂಲಕ ಅದನ್ನು ನಿರ್ಬಂಧಿಸಬಹುದು. ಇದಕ್ಕೆ ಬೇಕಾದ ಐಎಂಇಐ ಸಂಖ್ಯೆಯನ್ನು *#06# ಒತ್ತಿ ಇಂದೇ ಬರೆದಿಟ್ಟುಕೊಳ್ಳಿ.

ಹೊಣೆ ಪ್ರಯಾಣಿಕನದಷ್ಟೇ ಅಲ್ಲ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಬಳಿಕ ಹೊಸಪೇಟೆ ಜಿಲ್ಲಾ ಕೇಂದ್ರ. ಹಂಪಿಯೋ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಇಂಥಲ್ಲಿ ಕಣ್ಗಾವಲಿರುವ, ಬೀಗ ಹಾಕಬಹುದಾದ, ನಿಯಮಿತವಾಗಿ ತಪಾಸಣೆಗೊಳಗಾಗುವ ಚಾರ್ಜಿಂಗ್ ವ್ಯವಸ್ಥೆ ದುಬಾರಿ ಬೇಡಿಕೆಯೇನಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೇನು ಫಲ ಎಂಬುದನ್ನು ಹಂಪಿಯ ನೆರೆಯವರಿಗೆ ಬೇರೆಯವರು ಹೇಳಬೇಕೆ?