ಮಗುವಿನ ಹೊಟ್ಟೆ ತುಂಬುತ್ತಿದೆಯೇ?



ಬಾಣಂತನದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ನೋಡಲು ಇತ್ತೀಚೆಗೆ ಹೋಗಿದ್ದೆ. ಮಗುವಿಗೆ 12 ದಿನ. ಕಪಾಟಿನ ಮೇಲೆ ಹಾಲಿನ ಪುಡಿಯ ಹೊಸ ಡಬ್ಬಿ ಇತ್ತು. “ಟೀಚರ್, ನನಗೆ ಹಾಲು ಸಾಲದಂತೆ. ಸಂಜೆಯಾದರೆ ಮಗು ಬಿಡದೆ ಅಳುತ್ತದೆ” ಎಂದು ಕಣ್ಣೀರಿಟ್ಟಳು. ಹಾಗೆಂದು ತೀರ್ಪು ಕೊಟ್ಟವರು ಮಗುವನ್ನು ನೋಡಲು ಬಂದಿದ್ದ ನೆಂಟರು!

“ನಿನ್ನೆಯಿಂದ ಎಷ್ಟು ಬಟ್ಟೆ ಒದ್ದೆಯಾಗಿದೆ?” ಎಂದು ಕೇಳಿದೆ. ಅವಳ ಉಮ್ಮ ಒಳಗಿನಿಂದಲೇ, “ಒಗೆದು ಒಗೆದು ಸಾಕಾಯಿತು, ಎಂಟೊಂಬತ್ತು ಆಗಿರಬೇಕು” ಎಂದರು. ತೂಕ ನೋಡಿಸಿದಾಗ ಮಗು ಹುಟ್ಟಿದಾಗಿನ ತೂಕವನ್ನು ದಾಟಿತ್ತು. ಡಬ್ಬಿಯ ಮುಚ್ಚಳ ತೆರೆಯಬೇಕಾಗಲಿಲ್ಲ.

ಎದೆಹಾಲನ್ನು ಅಳೆಯಲು ಲೋಟವಿಲ್ಲ, ನಿಜ. ಆದರೆ ಗುರುತುಗಳಿವೆ. ನವಜಾತ ಶಿಶು ದಿನಕ್ಕೆ 8ರಿಂದ 12 ಬಾರಿ ಹಾಲು ಕುಡಿಯಬೇಕು. ಬಾಯಿ ಅಗಲವಾಗಿ ತೆರೆದು, ಗಲ್ಲ ಎದೆಗೆ ತಾಗಿ, ಕೆಳತುಟಿ ಹೊರಕ್ಕೆ ಮಡಚಿರಬೇಕು. ನುಂಗುವ ಸದ್ದು ಕೇಳಿಸಬೇಕು. ತಾಯಿಗೆ ನೋವು ಮುಂದುವರಿದರೆ ಮಗು ಸರಿಯಾಗಿ ಕಚ್ಚಿಕೊಂಡಿಲ್ಲವೆಂದೇ ತಿಳಿಯಿರಿ. ಬಿಡಿಸಿ, ಮತ್ತೆ ಹಿಡಿಸಿ.

ಐದನೇ ದಿನದ ನಂತರ 24 ಗಂಟೆಗಳಲ್ಲಿ ಕನಿಷ್ಠ 6 ಬಾರಿ ತಿಳಿ ಬಣ್ಣದ ಮೂತ್ರ ಹೋಗಬೇಕು. ಮೊದಲ ದಿನಗಳ ಕಪ್ಪು ಮಲ ಅಷ್ಟರೊಳಗೆ ಹಳದಿಗೆ ತಿರುಗಿರಬೇಕು. ಆರಂಭದ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದೊಳಗೆ ಅದು ಮರಳಿ ಬರಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರುತ್ತದೆ. ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ತೂಕ ಮಾಡಿಸಿ ಬರೆದಿಡಿ.

ಸಂಜೆ ಹೊತ್ತು ಮೇಲಿಂದ ಮೇಲೆ ಹಾಲು ಕೇಳುವುದು, ಕೆಲವು ವಾರಗಳ ನಂತರ ಎದೆ ಮೃದುವಾಗುವುದು ಹಾಲು ಕಡಿಮೆಯಾದ ಲಕ್ಷಣವಲ್ಲ. ಮಗು ಕುಡಿದಷ್ಟೂ ಹಾಲು ಉತ್ಪತ್ತಿಯಾಗುತ್ತದೆ. ಅನಗತ್ಯವಾಗಿ ಬಾಟಲಿ ಕೊಟ್ಟರೆ ಮಗು ಎದೆ ಚೀಪುವುದು ಕಡಿಮೆಯಾಗಿ, ಇಲ್ಲದ ಕೊರತೆ ನಿಜವಾಗಿಯೇ ಉಂಟಾಗುತ್ತದೆ.

ಆದರೆ ಅಳುವ ಮಗುವಿಗಿಂತ ಅಳದ ಮಗುವಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಇದನ್ನು ನಾನು ಕಲಿತದ್ದು ನನ್ನ ಮೊದಲ ಮಗುವಿನಿಂದ. “ಎಷ್ಟು ಶಾಂತ ಮಗು!” ಎಂದು ಎಲ್ಲರೂ ಹೊಗಳುತ್ತಿದ್ದರು. ಐದಾರು ಗಂಟೆ ನಿದ್ರಿಸುತ್ತಿತ್ತು. ನಾನೂ ಎಬ್ಬಿಸಲಿಲ್ಲ. ಏಳನೇ ದಿನ ಬಟ್ಟೆಯಲ್ಲಿ ಇಟ್ಟಿಗೆ ಪುಡಿಯಂತಹ ಕೆಂಪು ಕಲೆ ಕಂಡು ಅತ್ತೆಯವರು ಗಾಬರಿಯಾಗಿ ವೈದ್ಯರ ಬಳಿ ಕರೆದೊಯ್ದರು. ಅದು ಶಾಂತಿಯಾಗಿರಲಿಲ್ಲ, ಅಳಲೂ ಆಗದ ನಿತ್ರಾಣವಾಗಿತ್ತು. ಅಲ್ಹಮ್ದುಲಿಲ್ಲಾಹ್, ಸಕಾಲದಲ್ಲಿ ಚಿಕಿತ್ಸೆ ದೊರೆಯಿತು.

ಆದ್ದರಿಂದ ಆರಂಭದ ವಾರಗಳಲ್ಲಿ ಮಗು ಮೂರು ಗಂಟೆ ಮೀರಿ ಮಲಗಿದರೆ ಎಬ್ಬಿಸಿ ಕುಡಿಸಿ. ಮೂತ್ರ ಕಡಿಮೆಯಾದರೆ, ಬಾಯಿ ಒಣಗಿದರೆ, ನೆತ್ತಿ ಕುಳಿಬಿದ್ದರೆ, ಮೈ ಹಳದಿಯಾದರೆ, ಎಬ್ಬಿಸಿದರೂ ಕುಡಿಯದಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಅವರು ಬೇರೆ ಹಾಲು ಅಗತ್ಯವೆಂದರೆ ಕೊಡಿ, ಅದರಲ್ಲಿ ತಾಯಿಗೆ ಅವಮಾನವೇನಿಲ್ಲ. ಆದರೆ ನೆಂಟರ ಮಾತಿಗೆ ಸಕ್ಕರೆ ನೀರು ಕುಡಿಸಬೇಡಿ. ವರ್ಷ ತುಂಬುವವರೆಗೆ ಜೇನು ಅಪಾಯಕಾರಿ. ಆರು ತಿಂಗಳವರೆಗೆ ಎದೆಹಾಲು ಕುಡಿಯುವ ಮಗುವಿಗೆ ಬೇಸಿಗೆಯಲ್ಲೂ ನೀರು ಬೇಡ.

ಸೂರಃ ಅಲ್ ಬಕರದ 233ನೇ ಸೂಕ್ತವು ಹಾಲುಣಿಸುವ ಎರಡು ವರ್ಷಗಳ ಬಗ್ಗೆ ಹೇಳುವಾಗಲೇ, ತಾಯಿಯ ಅನ್ನ ವಸ್ತ್ರಗಳ ಹೊಣೆಯನ್ನು ತಂದೆಗೆ ವಹಿಸಿದೆ. ಹಾಲು ಕುಡಿಸುವವಳ ತಟ್ಟೆ ತುಂಬಿದೆಯೇ, ಅವಳಿಗೆ ನಿದ್ರೆ ಸಿಕ್ಕಿದೆಯೇ ಎಂದು ಮನೆಯವರು ವಿಚಾರಿಸಲಿ. ಬಾಣಂತಿಯನ್ನು ನೋಡಲು ಹೋಗುವ ನಾವು “ಹಾಲು ಸಾಲುತ್ತಿದೆಯಾ?” ಎಂದು ಕೇಳುವ ಬದಲು, “ಬಟ್ಟೆ ಒಗೆದು ಕೊಡಲೇ?” ಎಂದು ಕೇಳೋಣ. ಒಗೆಯುವಾಗ ಎಣಿಸಿದರೆ ಉತ್ತರ ತಾನಾಗಿಯೇ ಸಿಗುತ್ತದೆ.