ಸೀಟು ಮೊದಲೋ, ಗುರು ಮೊದಲೋ?

ಸಿಇಟಿ ಫಲಿತಾಂಶ ಬಂದ ದಿನ ಭಾಲ್ಕಿ, ಔರಾದ, ಠಾಣಾ ಕುಶನೂರದ ಮನೆಗಳಲ್ಲಿ ಪಾಲಕರು ಕೇಳುವ ಪ್ರಶ್ನೆ ಒಂದೇ: ‘ಒಟ್ಟು ಸೀಟು ಎಷ್ಟು ಅವ?’ ಪ್ರಶ್ನೆ ಸಹಜವೇ. ಅಲ್ಲಿ ಸೀಟುಗಳ ಲೆಕ್ಕ ಮೊದಲೇ ಗೊತ್ತಿರುತ್ತದೆ. ರ‍್ಯಾಂಕು, ಮೀಸಲಾತಿ, 371(ಜೆ) ಪ್ರಮಾಣಪತ್ರ ಇವುಗಳನ್ನು ನೋಡಿ ಹಂಚುತ್ತಾರೆ. ಆದರೆ ಕಂಪ್ಯೂಟರ್ ಕಲಿಯುವ ಮಕ್ಕಳಿಗೆ ತೆರೆದಿರುವ ಇನ್ನೊಂದು ಬಾಗಿಲಿದೆ. ಅಲ್ಲಿಯ ಕ್ರಮ ತಿರುವುಮುರುವು. ಅರ್ಜಿಗಳನ್ನು ಓದಿದ ಮೇಲೆಯೇ ಸೀಟು ಎಷ್ಟೆಂಬುದು ನಿಶ್ಚಯವಾಗುತ್ತದೆ!

ಅದರ ಹೆಸರು ಗೂಗಲ್ ಸಮ್ಮರ್ ಆಫ್ ಕೋಡ್. 2005ರಲ್ಲಿ ಸುಮಾರು 400 ವಿದ್ಯಾರ್ಥಿಗಳೊಂದಿಗೆ ಇದು ಆರಂಭವಾಯಿತು. ಯಾರು ಬೇಕಾದರೂ ತೆರೆದು ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶವೇ ಮುಕ್ತ ತಂತ್ರಾಂಶ. ಅದನ್ನು ಕಟ್ಟುವ ತಂಡಗಳ ಜೊತೆ ಹೊಸಬರು ಕೆಲವು ತಿಂಗಳು ಮನೆಯಿಂದಲೇ ಕೆಲಸ ಮಾಡುತ್ತಾರೆ. ಕೆಲಸದ ಗಾತ್ರ 90, 175 ಅಥವಾ 350 ಗಂಟೆ. ಮೌಲ್ಯಮಾಪನದಲ್ಲಿ ತೇರ್ಗಡೆಯಾದವರಿಗೆ ಗೂಗಲ್ ಶಿಷ್ಯವೇತನ ಕೊಡುತ್ತದೆ. 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ಅವಕಾಶವಿದೆ. ವಯಸ್ಸು ಮಾತ್ರ 18 ತುಂಬಿರಬೇಕು.

ಇಲ್ಲಿ ಒಂದು ತೊಡಕಿದೆ. ದೊಡ್ಡ ತಂಡಗಳು ನೇರವಾಗಿ ಗೂಗಲ್‌ಗೆ ಅರ್ಜಿ ಹಾಕಿ ಸೇರಿಕೊಳ್ಳುತ್ತವೆ. ಮೂರು ನಾಲ್ಕು ಮಂದಿ ಬಿಡುವಿನ ವೇಳೆಯಲ್ಲಿ ನಡೆಸುವ ಸಣ್ಣ ಯೋಜನೆಗಳಿಗೆ ಆ ಕಾಗದಪತ್ರದ ಭಾರ ಹೊರಲಾಗದು. ಅಂಥವನ್ನು ಒಂದು ದೊಡ್ಡ ಸಂಸ್ಥೆ ತನ್ನ ಆಶ್ರಯಕ್ಕೆ ತೆಗೆದುಕೊಳ್ಳುತ್ತದೆ. ಇದನ್ನು ಛತ್ರಿ ಸಂಸ್ಥೆ ಎನ್ನೋಣ. ಪೈಥಾನ್ ಭಾಷೆಯ ಯೋಜನೆಗಳಿಗೆ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್, ವೈಜ್ಞಾನಿಕ ಲೆಕ್ಕಾಚಾರದ ಯೋಜನೆಗಳಿಗೆ ನಮ್‌ಫೋಕಸ್, ಖಗೋಳ ವಿಜ್ಞಾನದ ತಂತ್ರಾಂಶಗಳಿಗೆ ಓಪನ್ ಆಸ್ಟ್ರಾನಮಿ ಹೀಗೆ ಛತ್ರಿ ಹಿಡಿದಿವೆ. ಸೂರ್ಯನ ಅಧ್ಯಯನಕ್ಕೆ ನೆರವಾಗುವ ಸನ್‌ಪೈ ಎಂಬ ತಂತ್ರಾಂಶ ಓಪನ್ ಆಸ್ಟ್ರಾನಮಿಯ ಆಶ್ರಯದಲ್ಲಿರುವಂಥದ್ದು. ಕಾಲುವೆಯ ನೀರು ಮೊದಲು ಉಪಕಾಲುವೆಗೆ, ಅಲ್ಲಿಂದ ಹೊಲಗಳಿಗೆ ಹರಿಯುವಂತೆ, ಸೀಟುಗಳು ಗೂಗಲ್‌ನಿಂದ ಛತ್ರಿ ಸಂಸ್ಥೆಗೆ, ಅಲ್ಲಿಂದ ಒಂದೊಂದು ಯೋಜನೆಗೆ ಹೋಗುತ್ತವೆ.

ಹಾಗಾದರೆ ಪಾಲು ಮಾಡುವುದು ಹೇಗೆ? ಮಾರ್ಚ್-ಏಪ್ರಿಲ್ ಸುಮಾರಿಗೆ ಅಭ್ಯರ್ಥಿಗಳ ಪ್ರಸ್ತಾವಗಳು ಬರುತ್ತವೆ. ಮಾರ್ಗದರ್ಶಕರು ಅವುಗಳನ್ನು ಓದಿ ಮೊದಲನೆಯವರು, ಎರಡನೆಯವರು ಎಂದು ಕ್ರಮ ಹಚ್ಚುತ್ತಾರೆ. ಬಳಿಕ ಪ್ರತಿ ಯೋಜನೆ ಛತ್ರಿ ಸಂಸ್ಥೆಗೆ ಎರಡು ಅಂಕಿ ತಿಳಿಸುತ್ತದೆ. ಬಿಟ್ಟುಕೊಡಲಾಗದಷ್ಟು ಒಳ್ಳೆಯ ಅಭ್ಯರ್ಥಿಗಳು ಎಷ್ಟು ಎಂಬುದು ಕನಿಷ್ಠ ಅಂಕಿ. ತಮ್ಮಿಂದ ನಿಜವಾಗಿ ಎಷ್ಟು ಮಂದಿಗೆ ಕಲಿಸಲಾದೀತು ಎಂಬುದು ಗರಿಷ್ಠ ಅಂಕಿ. ಇವನ್ನೆಲ್ಲ ಕೂಡಿಸಿ ಛತ್ರಿ ಸಂಸ್ಥೆ ಗೂಗಲ್‌ನ ಮುಂದಿಡುತ್ತದೆ. ಕೇಳಿದಷ್ಟೂ ಸಿಗುತ್ತದೆ ಎಂಬ ಖಾತ್ರಿ ಇಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಐದು ಯೋಜನೆಗಳು ಸೇರಿ 12 ಸೀಟು ಕೇಳಿದವು, ಸಿಕ್ಕಿದ್ದು 8 ಎಂದುಕೊಳ್ಳಿ. ಮೊದಲು ಪ್ರತಿ ಯೋಜನೆಯ ಮೊದಲ ಹೆಸರಿಗೆ ಒಂದೊಂದು ಕೊಟ್ಟರೆ ಐದು ಮುಗಿದವು. ಉಳಿದ ಮೂರಕ್ಕೆ ಎಲ್ಲ ಯೋಜನೆಗಳ ಎರಡನೆಯ, ಮೂರನೆಯ ಹೆಸರುಗಳನ್ನು ಒಟ್ಟಿಗೆ ತೂಗಿ ನೋಡಬೇಕು. ಒಬ್ಬರಿಗೆ ಅಡಚಣೆಯಾದರೆ ಇನ್ನೊಬ್ಬರು ಇರಲೆಂದು ಒಬ್ಬ ವಿದ್ಯಾರ್ಥಿಗೆ ಇಬ್ಬರು ಮಾರ್ಗದರ್ಶಕರನ್ನು ಹೊಂದಿಸುವುದು ವಾಡಿಕೆ. ಹೀಗಾಗಿ ನಾಲ್ವರು ಮಾರ್ಗದರ್ಶಕರಿರುವ ಯೋಜನೆಗೆ ಅರವತ್ತು ಅರ್ಜಿ ಬಂದರೂ ಎರಡೇ ಸೀಟು, ಆರು ಅರ್ಜಿ ಬಂದರೂ ಎರಡೇ ಸೀಟು. ಹೊಸದಾಗಿ ಛತ್ರಿಯಡಿ ಬಂದ ಯೋಜನೆಗೆ ಸಾಮಾನ್ಯವಾಗಿ ಒಂದೋ ಎರಡೋ ಸಿಕ್ಕರೆ ಹೆಚ್ಚು.

ಇಲ್ಲಿ ನ್ಯಾಯದ ಪ್ರಶ್ನೆ ಏಳದೇ ಇರದು. ಹೆಸರುವಾಸಿ ಯೋಜನೆಯಲ್ಲಿ ಮೂರನೆಯ ಸ್ಥಾನಕ್ಕೆ ನಿಂತ ಜಾಣ ಹುಡುಗಿಗೆ ಸೀಟು ತಪ್ಪಿ, ಸಣ್ಣ ಯೋಜನೆಯ ಮೊದಲ ಹುಡುಗನಿಗೆ ಸಿಗಬಹುದು. ಇದು ಅವಳಿಗೆ ಅನ್ಯಾಯವೆನಿಸಬಹುದು. ಆದರೆ ಗುಣವೊಂದನ್ನೇ ನೋಡಿ ಹಂಚಿದರೆ ಸೀಟುಗಳೆಲ್ಲ ದೊಡ್ಡ ಯೋಜನೆಗಳಿಗೇ ಹೋಗಿ, ಛತ್ರಿ ಹಿಡಿದ ಉದ್ದೇಶವೇ ಕೆಟ್ಟೀತು. ಹಾಗೆಂದು ಸಣ್ಣ ಯೋಜನೆಗೆ ದಾನವಾಗಿ ಕೊಡುವಂತೆಯೂ ಇಲ್ಲ. ಯೋಗ್ಯ ಅಭ್ಯರ್ಥಿ ಇಲ್ಲದಿದ್ದರೆ ಆ ಸೀಟು ಪಕ್ಕದ ಯೋಜನೆಗೆ ಹೋಗುತ್ತದೆ, ಇಲ್ಲವೇ ಗೂಗಲ್‌ಗೆ ಮರಳುತ್ತದೆ. ಅಯೋಗ್ಯರಿಗೆ ಕೊಟ್ಟು ಅವರು ನಡುವೆಯೇ ಕೈಬಿಟ್ಟರೆ ಮಾರ್ಗದರ್ಶಕರ ಒಂದು ವರ್ಷದ ಶ್ರಮ ನೀರಲ್ಲಿ ಹೋಮ.

ಛತ್ರಿಯ ಫಲ ಏನೆಂಬುದಕ್ಕೆ ಸಿಮ್‌ಪೈ ಒಳ್ಳೆಯ ನಿದರ್ಶನ. ಇದು ಬೀಜಗಣಿತ, ಕಲನಶಾಸ್ತ್ರದ ಲೆಕ್ಕಗಳನ್ನು ಸೂತ್ರ ರೂಪದಲ್ಲೇ ಬಿಡಿಸುವ ತಂತ್ರಾಂಶ. 2007ರಲ್ಲಿ ಇದಿನ್ನೂ ಎಳೆಯ ಯೋಜನೆ. ಆಗ ಪೈಥಾನ್ ಫೌಂಡೇಶನ್ ಮುಂತಾದವುಗಳ ಆಶ್ರಯದಲ್ಲಿ ಇದಕ್ಕೆ ವಿದ್ಯಾರ್ಥಿಗಳು ದೊರೆತರು. 2009ರಲ್ಲಿ ವಿದ್ಯಾರ್ಥಿಯಾಗಿ ಬಂದ ಆರನ್ ಮ್ಯೂರರ್ 2011ರಲ್ಲಿ ಆ ಯೋಜನೆಯ ಮುಖ್ಯಸ್ಥರೇ ಆದರು. ಮುಂದೆ ಸಿಮ್‌ಪೈ ಛತ್ರಿಯಿಂದ ಹೊರಬಂದು ಸ್ವತಂತ್ರ ಸಂಸ್ಥೆಯಾಗಿ ಸೀಟು ಪಡೆಯಿತು.

ಇದರಿಂದ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ವಿದ್ಯಾಲಯದಲ್ಲೋ ಬೀದರಿನ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜಿನಲ್ಲೋ ಓದುತ್ತಿರುವ ಹಳ್ಳಿಯ ಮಕ್ಕಳು ಏನು ತಿಳಿಯಬೇಕು? ಮೊದಲನೆಯದಾಗಿ, ಇಲ್ಲಿ ಅಂಕಪಟ್ಟಿಯಾಗಲಿ ಕಾಲೇಜಿನ ಹೆಸರಾಗಲಿ ತೀರ್ಮಾನ ಮಾಡುವುದಿಲ್ಲ. ಎರಡನೆಯದಾಗಿ, ಒಬ್ಬರು ಮೂರು ಪ್ರಸ್ತಾವ ಕಳಿಸಬಹುದು, ಆಯ್ಕೆ ಒಂದಕ್ಕೆ ಮಾತ್ರ. ಮೂರನ್ನೂ ಜನಜಂಗುಳಿಯ ಯೋಜನೆಗಳಿಗೇ ಕಳಿಸುವುದು ಜಾಣತನವಲ್ಲ. ಛತ್ರಿ ಸಂಸ್ಥೆಯ ಪಟ್ಟಿಯಲ್ಲಿ ಮನಸ್ಸಿಗೆ ಒಪ್ಪುವ ಒಂದು ಸಣ್ಣ ಯೋಜನೆಯನ್ನು ಹುಡುಕಿ, ಅಲ್ಲಿ ಮಾರ್ಗದರ್ಶಕರು ಎಷ್ಟು ಮಂದಿ ಇದ್ದಾರೆಂದು ನೋಡಬೇಕು. ಮೂರನೆಯದಾಗಿ, ಅರ್ಜಿಯ ಕಾಲಕ್ಕೆ ಕಾಯದೆ ದೀಪಾವಳಿಯ ಹೊತ್ತಿಗೇ ಅಲ್ಲಿಯ ಒಂದು ಚಿಕ್ಕ ದೋಷವನ್ನಾದರೂ ತಿದ್ದಿ ಕಳಿಸಬೇಕು. ಕೆಲಸ ನೋಡಿದ ಗುರುವಿಗೆ ಪ್ರಸ್ತಾವದ ಬಣ್ಣದ ಮಾತು ಬೇಕಾಗುವುದಿಲ್ಲ.

ಪಾಲಕರಿಗೂ ಒಂದು ಮಾತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾದ ಮೇಲೆ ದುಡ್ಡು ಪಡೆದು ಪ್ರಮಾಣಪತ್ರ ಕೊಡುವ ಅಂಗಡಿಗಳೂ ಹುಟ್ಟಿಕೊಂಡಿವೆ. ಸಮ್ಮರ್ ಆಫ್ ಕೋಡ್‌ಗೆ ಅರ್ಜಿ ಶುಲ್ಕವಿಲ್ಲ, ಸೀಟಿಗೆ ಬೆಲೆಯಿಲ್ಲ. ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಈ ಕೆಲಸವನ್ನು ಇಂಟರ್ನ್‌ಶಿಪ್ ಎಂದು ಪರಿಗಣಿಸುವರೇ ಎಂಬುದನ್ನು ಮಕ್ಕಳು ಕಾಲೇಜಿನಲ್ಲಿ ಮೊದಲೇ ಕೇಳಿಕೊಳ್ಳಲಿ. ಈ ಸಲ ಸೀಟು ಸಿಗದಿದ್ದರೂ ತಿದ್ದಿ ಕಳಿಸಿದ ಕೆಲಸ ಅವರ ಹೆಸರಿನಲ್ಲಿ ಅಲ್ಲೇ ಉಳಿಯುತ್ತದೆ. ಮುಂದಿನ ವರ್ಷ ಅದೇ ಗುರು ಅದನ್ನು ಗುರುತಿಸುತ್ತಾರೆ.