ಪ್ರವಾಸಿ ಲೇಖನಿಯಲ್ಲಿ ಸೊರಗಿದ ಹಾಸನ

ಹಾಸನ: ಜಿಲ್ಲೆಯ ಕುರಿತ ಪ್ರವಾಸಿ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಒಂದು ವಿಶೇಷಣವಿದೆ: ‘ಬಡವರ ಊಟಿ’. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ಊರಿನ ತಂಪು ಹವೆಗೆ ಸಂದ ಮೆಚ್ಚುಗೆ ಎಂದು ಸ್ಥಳೀಯರೂ ಅದನ್ನು ಅಭಿಮಾನದಿಂದಲೇ ಬಳಸುತ್ತಾರೆ. ಆದರೆ ಆ ಮಾತಿನೊಳಗಿನ ಅಳತೆಗೋಲು ಬ್ರಿಟಿಷರು ನೀಲಗಿರಿಯಲ್ಲಿ ಕಟ್ಟಿಕೊಂಡ ಗಿರಿಧಾಮದ್ದು. ಅಲ್ಲಿಗೆ ಹೋಗಲು ಹಣವಿಲ್ಲದವರಿಗೆ ಇದು ಸಾಕು ಎಂಬುದೇ ಅದರ ಇಂಗಿತ.

ಹಳೇಬೀಡಿನ ಗತಿಯೂ ಇದೇ. ಇಂಗ್ಲಿಷ್ ಪ್ರವಾಸಿ ಕೈಪಿಡಿಗಳು ಆ ಹೆಸರನ್ನು ‘ಹಾಳು ನಗರ’ ಎಂದು ಅನುವಾದಿಸುತ್ತಾ ಬಂದಿವೆ. ಕನ್ನಡದಲ್ಲಿ ಬೀಡು ಎಂದರೆ ನೆಲೆ, ಪಾಳೆಯ, ಅರಸನ ವಾಸಸ್ಥಾನ. ಹೊಯ್ಸಳರ ದೋರಸಮುದ್ರ ಹಳೆಯ ಬೀಡಾಯಿತು, ಅಷ್ಟೇ. ಇಂದಿಗೂ ಜನ ಬಾಳುತ್ತಿರುವ ಊರನ್ನು ಅನುವಾದವೊಂದು ಹಾಳುಗೆಡವಿದೆ.

ಇವೆಲ್ಲ ಕ್ಷುಲ್ಲಕ ಸಂಗತಿಗಳೆಂದು ತಳ್ಳಿಹಾಕಬಹುದು. ಆದರೆ ಹೊರಗಿನವರು ಬರೆದದ್ದು ಪುಸ್ತಕದಲ್ಲಿಯೇ ಉಳಿಯದೆ ಆಡಳಿತದ ಮೇಜನ್ನೂ ತಲುಪುತ್ತದೆ. ಅದಕ್ಕೆ ಈ ಜಿಲ್ಲೆಯ ನಂಟಿದ್ದ ಲೇಖಕರೊಬ್ಬರ ಗ್ರಂಥವೇ ಸಾಕ್ಷಿ.

ದೊಡ್ಡಸ್ವಾಮಿಯವರ ಗ್ರಂಥ

ಫ್ರಾನ್ಸಿನ ಪಾದ್ರಿ ಅಬ್ಬೆ ಡುಬಾಯ್ ಮೈಸೂರು ಸೀಮೆಗೆ ಬಂದದ್ದು 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ. ಹಾಸನದ ಸಮೀಪ ಕೃಷಿ ವಸಾಹತು ಸ್ಥಾಪಿಸಿದರು, ಸಿಡುಬಿಗೆ ಲಸಿಕೆ ಹಾಕಿಸಿದರು. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಗೌರವಿಸಿದರು. ಅವರ ಸೇವೆಯನ್ನು ಅಲ್ಲಗಳೆಯುವಂತಿಲ್ಲ.

ಆದರೆ ಅವರ ಬರಹದ ಕಥೆ ಬೇರೆ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸರ್ಕಾರ 2,000 ವರಹಗಳಿಗೆ ಕೊಂಡುಕೊಂಡಿತು. ಅಧಿಕಾರಿಗಳಿಗೆ ಜನರನ್ನು ಅರಿಯಲು ಅದು ನೆರವಾಗಲಿದೆ ಎಂದು ಗವರ್ನರ್ ವಿಲಿಯಂ ಬೆಂಟಿಂಕ್ ಶಿಫಾರಸು ಮಾಡಿದ್ದರು. 1816ರಲ್ಲಿ ಲಂಡನ್ನಿನಲ್ಲಿ ಗ್ರಂಥ ಪ್ರಕಟವಾಯಿತು. ಜಾತಿ ಪದ್ಧತಿಯೇ ಈ ದೇಶವನ್ನು ಅನಾಗರಿಕತೆಯಿಂದ ಕಾಪಾಡಿದೆ ಎಂಬುದು ಅದರ ವಾದ. ಅಸ್ಪೃಶ್ಯರೆಂದು ಊರಾಚೆ ಇಡಲಾಗಿದ್ದವರ ಜೀತ, ಹಸಿವನ್ನು ವಿವರಿಸಿದ ಅದೇ ಲೇಖನಿ, ಅವರನ್ನು ಅವರ ಪಾಡಿಗೆ ಬಿಟ್ಟರೆ ನರಭಕ್ಷಕರಿಗಿಂತ ಕೀಳಾಗುವರು ಎಂದೂ ಬರೆಯಿತು. ಅತ್ಯಂತ ಬಡವರ ಮೇಲೆಯೇ ಅತ್ಯಂತ ಕಠೋರ ತೀರ್ಪು!

ಇನ್ನೂ ಒಂದು ಸಂಗತಿಯುಂಟು. ಗ್ರಂಥದ ಬಹುಭಾಗಕ್ಕೆ ಹಿಂದಿನ ಜೆಸ್ವಿಟ್ ಪಾದ್ರಿ ಕರ್ದೂ ಅವರ ಬರಹವೇ ಆಧಾರ ಎಂಬುದನ್ನು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿಕೊಟ್ಟರು. ಕಣ್ಣಾರೆ ಕಂಡದ್ದೆಂದು ಲೋಕ ನಂಬಿದ್ದು ಎಷ್ಟೋ ಕಡೆ ಕೈ ಬದಲಿಸಿದ ಅಭಿಪ್ರಾಯವಾಗಿತ್ತು.

ನೀರೊಳಗಿನ ಊರು

ಕೈ ಬದಲಿಸುವ ಈ ರೂಢಿ ಇಂದಿಗೂ ನಿಂತಿಲ್ಲ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಶೆಟ್ಟಿಹಳ್ಳಿ ಚರ್ಚ್ ಈಗ ಪ್ರವಾಸಿ ಲೇಖಕರಿಗೆ ‘ತೇಲುವ ಚರ್ಚ್’, ಕೆಲವರಿಗೆ ದೆವ್ವದ ಮನೆ. ಅದು ಮುಳುಗಿದ್ದು ಯಾವ ದೆವ್ವದ ಕಾಟದಿಂದಲೂ ಅಲ್ಲ. 1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಿಂದ. ಆ ನೀರು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗದ್ದೆಗಳಿಗೆ ಹರಿಯುತ್ತದೆ. ಅದಕ್ಕಾಗಿ ಮನೆ, ಜಮೀನು ಬಿಟ್ಟು ಎದ್ದುಹೋದ ಕುಟುಂಬಗಳ ಪ್ರಸ್ತಾಪ ಆ ಬರಹಗಳಲ್ಲಿ ಅಪರೂಪ. ಪಾಳುಗೋಡೆಯ ಚಿತ್ರಕ್ಕಿರುವ ಬೆಲೆ ಸಂತ್ರಸ್ತರ ಮಾತಿಗಿಲ್ಲ.

ಬಡತನವನ್ನು ಮುಚ್ಚಿಡಬೇಕೆ?

ಖಂಡಿತ ಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ, 2025ರಲ್ಲಿ ನಿಧನರಾದ ಎಸ್.ಎಲ್. ಭೈರಪ್ಪ ಅವರು ‘ಗೃಹಭಂಗ’ದಲ್ಲಿ ಈ ಸೀಮೆಯ ಹಸಿವು, ಪ್ಲೇಗು, ಸಾಲವನ್ನು ಎಳ್ಳಷ್ಟೂ ಮರೆಮಾಚದೆ ಚಿತ್ರಿಸಿದ್ದಾರೆ. ಯಾವ ಪ್ರವಾಸಿಯೂ ಅಷ್ಟು ಕಟುವಾಗಿ ಬರೆದಿರಲಾರ. ಆದರೂ ಓದುಗರು ಅದನ್ನು ತಮ್ಮದೆಂದು ಒಪ್ಪಿಕೊಂಡರು. ಏಕೆಂದರೆ ಅಲ್ಲಿ ಬಡವರಿಗೆ ಹೆಸರಿದೆ, ಬುದ್ಧಿಯಿದೆ, ಬಡತನಕ್ಕೆ ಕಾರಣವಿದೆ.

ಅಮೆರಿಕದ ಕ್ಯಾಥರೀನ್ ಮೇಯೊ ಅವರ ‘ಮದರ್ ಇಂಡಿಯಾ’ವನ್ನು ಗಾಂಧೀಜಿ 1927ರಲ್ಲಿ ಚರಂಡಿ ಪರೀಕ್ಷಕರ ವರದಿ ಎಂದು ಕರೆದದ್ದು ಪ್ರಸಿದ್ಧ. ಅದನ್ನು ಓದುವುದರಿಂದ ಭಾರತೀಯರಿಗೆ ಪ್ರಯೋಜನವಿದೆ ಎಂದೂ ಅವರು ಹೇಳಿದ್ದರು. ಚರಂಡಿ ಇಲ್ಲವೆಂದು ಅವರು ವಾದಿಸಲಿಲ್ಲ. ಚರಂಡಿಯೇ ಭಾರತ ಎಂಬ ತೀರ್ಮಾನವನ್ನು ಒಪ್ಪಲಿಲ್ಲ. ಇಂದಿನ ಆಕ್ಷೇಪಕ್ಕೂ ಇದೇ ಮಾದರಿಯಾಗಬೇಕು.

ಪ್ರವಾಸ ಕಥನ ಹೇಗಿರಬಹುದು ಎಂಬುದಕ್ಕೂ ಇದೇ ಜಿಲ್ಲೆಯಲ್ಲಿ ನಿದರ್ಶನವಿದೆ. ಹೇಮಾವತಿ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಇಳಿವಯಸ್ಸಿನಲ್ಲಿ ಅಮೆರಿಕ ಸುತ್ತಿ ಬರೆದ ‘ಅಮೆರಿಕಾದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪರದೇಶದ ಜನರನ್ನು ಅವರು ನೋಡಿದ್ದು ನೆರೆಮನೆಯವರನ್ನು ನೋಡುವ ಕುತೂಹಲದಿಂದ, ನ್ಯಾಯಾಧೀಶರ ಪೀಠದಲ್ಲಿ ಕುಳಿತಲ್ಲ.

ಒಂದು ದಿನದ ನೋಟ

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ದೇವಾಲಯಗಳು ಸೋಮನಾಥಪುರದೊಂದಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಇನ್ನು ಮುಂದೆ ಜಿಲ್ಲೆಯ ಬಗ್ಗೆ ಬರೆಯುವವರ ಸಂಖ್ಯೆ ಹೆಚ್ಚುವುದು ಸಹಜ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಮುಗಿಸಿ ರಾತ್ರಿಯೇ ಮರಳುವವರಿಗೆ ಕಲ್ಲು ಕಾಣುತ್ತದೆ, ಜನ ಕಾಣುವುದಿಲ್ಲ. ಆರ್.ಕೆ. ಶ್ರೀಕಂಠನ್ ಅವರಂತಹ ಗಾಯಕರನ್ನು ಕೊಟ್ಟ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವಾಗಲಿ, ವೇದಾಂತವನ್ನು ಕನ್ನಡದಲ್ಲಿ ಅಚ್ಚುಹಾಕಿದ ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವಾಗಲಿ ಅವರ ದಾರಿಯಲ್ಲಿ ಬರುವುದಿಲ್ಲ. ಪ್ರವಾಸಿ ಉಳಿಯದ ಊರಿನಲ್ಲಿ ಅವರ ಹಣವೂ ಉಳಿಯದು. ಬರಹದ ಪೂರ್ವಗ್ರಹ ಹೀಗೆ ಬಡತನದ ಮತ್ತೊಂದು ಕಾರಣವಾಗುತ್ತದೆ.

ಪುಸ್ತಕಗಳನ್ನು ನಿಷೇಧಿಸಿ, ಲೇಖಕರನ್ನು ನಿಂದಿಸಿ ಇದನ್ನು ಸರಿಪಡಿಸಲಾಗದು. ಹಳೇಬೀಡಿನ ಹೆಸರಿಗೆ ಸರಿಯಾದ ಅರ್ಥವನ್ನು, ಶೆಟ್ಟಿಹಳ್ಳಿಯಲ್ಲಿ ಊರು ಮುಳುಗಿದ ಚರಿತ್ರೆಯನ್ನು ಫಲಕದಲ್ಲಿ ಬರೆಸುವುದು ಪ್ರವಾಸೋದ್ಯಮ ಇಲಾಖೆಗೆ ದೊಡ್ಡ ವೆಚ್ಚದ ಕೆಲಸವೇನೂ ಅಲ್ಲ. ಬಡತನವನ್ನು ಬರೆಯುವವರು ಬರೆಯಲಿ. ಅದರ ಕಾರಣವನ್ನೂ ಊರಿನವರನ್ನು ಕೇಳಿ ಬರೆಯಲಿ ಎಂಬುದಷ್ಟೇ ಇಲ್ಲಿನ ಜನರ ನ್ಯಾಯವಾದ ಬೇಡಿಕೆ.